ಎಡಗೈಗೆ ಉಳಿದ ಕೆಲಸ

ಅವರ ಬಲಗೈಯ ಮಣಿಕಟ್ಟಿನ ಕೆಳಗೆ, ಮೇಜಿನ ಅಂಚು ತಾಗುವ ಜಾಗದಲ್ಲಿ, ಹಳೆಯ ನಾಲ್ಕಾಣೆಯಷ್ಟು ಅಗಲದ ಒಂದು ಕಪ್ಪು ಜಡ್ಡು ಇತ್ತು. ಎಡಗೈ ತುಂಬ ಹಸಿರು ಗಾಜಿನ ಬಳೆ, ಬಲಗೈ ಬೋಳು. ಮೇಜಿಗೆ ತಾಗಿ ತಾಗಿ ಒಡೆಯುತ್ತವೆ ಎಂದು ಅವರು ಬಲಗೈಗೆ ಬಳೆ ಹಾಕುವುದನ್ನೇ ಬಿಟ್ಟಿದ್ದರು. ಮದುವೆ ಕಾಗದ ಮಾಡಿಸಲು ಬಂದ ಹೆಂಗಸರ ಕಣ್ಣು ಮೊದಲು ಹೋಗುತ್ತಿದ್ದದ್ದೇ ಅಲ್ಲಿಗೆ. ಗಂಡ ಇದ್ದಾರಲ್ಲ, ಮತ್ತೆ ಒಂದು ಕೈ ಯಾಕೆ ಖಾಲಿ ಎಂದು ಕೆಲವರು ಬಾಯಿಬಿಟ್ಟು ಕೇಳುತ್ತಲೂ ಇದ್ದರು. ಅವರು ಸ್ಕ್ರೀನಿನಿಂದ ಕಣ್ಣು ತೆಗೆಯದೆ, ಗಂಡ ಇರುವುದು ಎಡಗಡೆ, ಬಲಗಡೆ ಇರುವುದು ಮೌಸು ಎಂದುಬಿಡುತ್ತಿದ್ದರು.

ಸುಳ್ಯ ಪೇಟೆಗೆಲ್ಲ ಅವರು ಪ್ರೆಸ್ಸಿನ ಅಕ್ಕ. ನಾನು ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಎಂದುಕೊಂಡು ಆ ಪ್ರೆಸ್ಸಿಗೆ ಸೇರಿದಾಗ ಅವರು ಅಲ್ಲಿ ತುಂಬ ಹಳಬರು. ದಿನಾ ಜಾಲ್ಸೂರಿನಿಂದ, ಕಾಸರಗೋಡಿನ ಕಡೆಯಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದರು. ಕೆಳಗೆ ಮುದ್ರಣದ ಯಂತ್ರ, ಮಹಡಿಯಲ್ಲಿ ಎರಡು ಕಂಪ್ಯೂಟರು. ಒಂದರ ಮುಂದೆ ಅಕ್ಕ, ಇನ್ನೊಂದರ ಮುಂದೆ ನಾನು, ಬಾಗಿಲ ಬಳಿಯ ಮೇಜಿನಲ್ಲಿ ಯಜಮಾನರು. ಅಕ್ಕನ ಪಕ್ಕಕ್ಕೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಗಿರಾಕಿ ಕೂರುವುದು ಅದರಲ್ಲಿ. ನನಗೆ ಈಗಲೂ ಸಿಟ್ಟಿರುವುದು ಆ ಕುರ್ಚಿಯಲ್ಲಿ ಕೂತವರ ಮೇಲೆ.

ಬೇರೆ ಊರುಗಳಲ್ಲಿ ಹೇಗೋ ಗೊತ್ತಿಲ್ಲ, ನಮ್ಮ ಕಡೆ ಆಮಂತ್ರಣ ಪತ್ರಿಕೆ ಮಾಡಿಸುವವರು ವಿಷಯ ಬರೆದುಕೊಟ್ಟು ಹೋಗುವುದಿಲ್ಲ. ಕಂಪ್ಯೂಟರಿನ ಪಕ್ಕ ಕೂತು, ಪರದೆಗೆ ಬೆರಳು ಒತ್ತಿ, ಒಂದೊಂದು ಹೆಸರನ್ನೂ ತಮ್ಮ ಕಣ್ಣೆದುರೇ ಕೂರಿಸಬೇಕು. ಮದುವೆ ಕಾಗದವಾದರೆ ಅಜ್ಜ, ದೊಡ್ಡಪ್ಪ, ಸೋದರಮಾವ, ಅವರೊಳಗೆ ಮಾತು ಬಿಟ್ಟವರು ಯಾರು, ಯಾರ ಪಕ್ಕ ಯಾರು ಬರಬಾರದು. ದೇವಸ್ಥಾನ ಹೊಸದಾಗಿ ಕಟ್ಟಿ ಬ್ರಹ್ಮಕಲಶ ಮಾಡುವುದಾದರೆ ಪತ್ರಿಕೆಯೇ ಒಂದು ಪುಸ್ತಕ. ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಹೊರೆಕಾಣಿಕೆ ಸಮಿತಿ, ಪಾಕಶಾಲೆ ಸಮಿತಿ, ವಾಹನ ನಿಲುಗಡೆ ಸಮಿತಿ. ಒಬ್ಬರು ಬಂದು ಒಂದು ಹೆಸರನ್ನು ಮೇಲೆ ಎಳೆಸಿ ಹೋಗುತ್ತಿದ್ದರು, ಮಧ್ಯಾಹ್ನ ಇನ್ನೊಬ್ಬರು ಬಂದು ಅದನ್ನು ಕೆಳಗೆ ಇಳಿಸುತ್ತಿದ್ದರು. ಎಳೆಯುವುದೂ ಇಳಿಸುವುದೂ ಅಕ್ಕನ ಬಲಗೈ.

ಹೆಸರು ಎಳೆಯುವುದೆಂದರೆ ಎಂತ ಮಹಾ ಕೆಲಸ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಬೆರಳು ಒತ್ತಿಹಿಡಿದು, ಮಣಿಕಟ್ಟು ಅಲುಗಿಸದೆ, ಕೂದಲೆಳೆಯಷ್ಟು ಸರಿಸಿ ಬಿಡಬೇಕು. ಇಡೀ ದಿನ ಅದೇ. ಅಕ್ಕ ಹೇಳುತ್ತಿದ್ದರು, "ಹೆಸರಿಗೆ ಭಾರ ಇಲ್ಲ ಅಂತ ಯಾರು ಹೇಳಿದ್ದು ಮಾರಾಯ್ತಿ? ನನ್ನ ಕೈಯನ್ನು ಕೇಳು."

ಅವರ ಸ್ವಭಾವ ಸಿಹಿಯೇನಲ್ಲ. ಬಾಯಿ ಜೋರು. ನಾನು ಸೇರಿದ ಮೊದಲ ವಾರವೇ, ಕೈಯನ್ನು ಮೇಜಿನ ಅಂಚಿಗೆ ಒತ್ತಿಟ್ಟು ಮೌಸು ಹಿಡಿದಿದ್ದಕ್ಕೆ ಸ್ಕೇಲಿನಿಂದ ಮೊಣಕೈಗೆ ತಟ್ಟಿದ್ದರು. ಮತ್ತೆ ಎರಡು ಹಳೆಯ ಪೇಪರ್ ಕಟ್ಟು ತಂದು ನನ್ನ ಕುರ್ಚಿಯ ಮೇಲಿಟ್ಟು, ಎತ್ತರದಲ್ಲಿ ಕೂರಿಸಿದರು. ಊಟದ ನಂತರ ಮೌಸನ್ನು ಎಡಕ್ಕೆ ಇಡಿಸುತ್ತಿದ್ದರು. ಮಧ್ಯಾಹ್ನದವರೆಗೆ ಬಲ, ಮಧ್ಯಾಹ್ನದ ಮೇಲೆ ಎಡ. ನಾನು ಗೊಣಗಿದರೆ, ಎರಡು ಕೈ ಕೊಟ್ಟದ್ದು ಒಂದನ್ನು ಚಂದಕ್ಕೆ ಇಟ್ಟುಕೊಳ್ಳಲಿಕ್ಕೆ ಅಲ್ಲ ಎನ್ನುತ್ತಿದ್ದರು. ಗಿರಾಕಿಯ ಕುರ್ಚಿ ನನ್ನ ಪಕ್ಕ ಇರಲಿಲ್ಲ. ನನ್ನದು ಶಾಲೆಯ ಪ್ರಶ್ನೆಪತ್ರಿಕೆ, ಬಿಲ್ ಪುಸ್ತಕ, ಕ್ರಿಕೆಟ್ ಪಂದ್ಯಾಟದ ಪೋಸ್ಟರು. ನಾನು ಯಾವ ಕೈಯಲ್ಲಿ ಮಾಡಿದರೂ ಯಾರೂ ನೋಡುವವರಿರಲಿಲ್ಲ.

ಅಷ್ಟೆಲ್ಲ ನನಗೆ ಹೇಳಿಕೊಟ್ಟವರು ತಮ್ಮ ಕೈಯನ್ನು ಯಾಕೆ ಹಾಗೆ ಬಿಟ್ಟರು ಎಂದು ಕೇಳಿದರೆ, ಅವರಿಗೆ ಹೇಳಿಕೊಡುವವರು ಇರಲಿಲ್ಲ ಎಂಬುದೇ ಉತ್ತರ. ನೋವು ಬಂದ ಮೇಲೆ ಕಲಿತದ್ದನ್ನು ನನಗೆ ನೋವು ಬರುವ ಮೊದಲೇ ದಾಟಿಸಿದರು. ನಾನು ಸೇರುವ ಹೊತ್ತಿಗೆ ಅವರ ಹೆಬ್ಬೆರಳು, ತೋರುಬೆರಳು, ನಡುಬೆರಳು ಬೆಳಿಗ್ಗೆ ಎದ್ದಾಗ ಜೋಮು ಹಿಡಿದಿರುತ್ತಿದ್ದವು. ಬಸ್ಸಿನ ಕಂಬಿ ಹಿಡಿದು ನಿಂತರೆ ಕೈ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲವಂತೆ. ಪ್ರೆಸ್ಸಿನಲ್ಲಿ ಶಾಯಿಯ ವಾಸನೆಯ ಜೊತೆ ಅವರು ಕೈನೋವಿಗೆ ಹಚ್ಚುವ ಕೊಟ್ಟಂಚುಕ್ಕಾದಿ ಎಣ್ಣೆಯ ವಾಸನೆಯೂ ಇರುತ್ತಿತ್ತು. ಮೌಸೆಲ್ಲ ಎಣ್ಣೆ ಜಿಡ್ಡು. ಕುರ್ಚಿಯಲ್ಲಿ ಕೂತವರು ಅದನ್ನು ನೋಡಿ ಮದ್ದು ಹೇಳುತ್ತಿದ್ದರು. ಒಬ್ಬರು ಮಂತ್ರಿಸಿದ ನೂಲು ಕಟ್ಟಿಸಲು ಹೇಳಿದರು, ಇನ್ನೊಬ್ಬರು ಬಿಸಿ ಉಪ್ಪಿನ ಶಾಖ. ಹೇಳಿಯಾದ ಮೇಲೆ ಪರದೆಗೆ ಬೆರಳು ಒತ್ತಿ, ಈ ಹೆಸರನ್ನು ಒಂದು ಚೂರು ಮೇಲೆ ಹಾಕಿ ಅಕ್ಕ ಎನ್ನುತ್ತಿದ್ದರು.

ಒಂದು ದಿನ ಚಹಾದ ಗ್ಲಾಸು ಅವರ ಕೈಯಿಂದ ಜಾರಿ ಕೀಬೋರ್ಡಿನ ಮೇಲೆ ಬಿತ್ತು. ಯಜಮಾನರು ಕೀಬೋರ್ಡನ್ನು ತಲೆಕೆಳಗು ಹಿಡಿದು ಒಣಗಿಸಿದರು. ನಾನು ಅಕ್ಕನನ್ನು ಪುತ್ತೂರಿನ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಮಣಿಕಟ್ಟಿನೊಳಗೆ ನರ ಇಕ್ಕಟ್ಟಿನಲ್ಲಿ ಸಿಕ್ಕಿದೆ ಎಂದರು ಅವರು. ಅಂಗೈ ಕೆಳಗೆ ಮಾಡಿ, ಮಣಿಕಟ್ಟು ಮಡಚಿ ವರ್ಷಗಟ್ಟಲೆ ದುಡಿದದ್ದರ ಫಲ. ಒಬ್ಬರಿಗೊಬ್ಬರು ಕೈಕುಲುಕುವಾಗ ಕೈ ಹೇಗೆ ನೆಟ್ಟಗೆ ಇರುತ್ತದೋ ಹಾಗೆ ಹಿಡಿಯುವ ಮೌಸು ಬರುತ್ತದೆ, ಮೊದಲು ಅದನ್ನು ತೆಗೆದುಕೊಳ್ಳಿ ಎಂದರು.

ಆಸ್ಪತ್ರೆಯಿಂದ ನೇರ ಪುತ್ತೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆವು. ಅಲ್ಲಿದ್ದವನಿಗೆ ನಾವು ಹೇಳಿದ್ದು ಅರ್ಥವೇ ಆಗಲಿಲ್ಲ. ಕೆಂಪು ನೀಲಿ ಲೈಟು ಹೊಳೆಯುವ, ಮಕ್ಕಳು ಗೇಮ್ ಆಡುವ ಮೌಸನ್ನು ಎದುರಿಗಿಟ್ಟು, ಇದೇ ಎಲ್ಲಕ್ಕಿಂತ ಬೆಸ್ಟು ಎಂದ. ಅಕ್ಕ ಅದನ್ನು ಎತ್ತಿ ನೋಡಿ, ಇದು ಆಯುಧಪೂಜೆಗೆ ಅಲಂಕಾರ ಮಾಡಿದ ರಿಕ್ಷಾದ ಹಾಗೆ ಉಂಟಲ್ಲ ಎಂದು ಕೆಳಗಿಟ್ಟರು. ಇನ್ನೊಂದು ಅಂಗಡಿಯಲ್ಲಿ ಮೌಸು ಸಾಮಾನ್ಯದ್ದೇ, ಅದರ ಅಡಿಗೆ ಹಾಸುವ ಮೆತ್ತೆ ಮಾತ್ರ ದಪ್ಪದ್ದು ಕೊಟ್ಟರು. ಮೆತ್ತೆಗೆ ಮಣಿಕಟ್ಟು ಒತ್ತಿದರೆ ನರಕ್ಕೆ ಇನ್ನಷ್ಟು ಪೆಟ್ಟು ಎಂದು ಡಾಕ್ಟರರು ಆಗಷ್ಟೇ ಹೇಳಿದ್ದರು. ಬರಿಗೈಯಲ್ಲಿ ಬಸ್ಸು ಹತ್ತಿದೆವು.

ಕೊನೆಗೆ ಮೊಬೈಲಿನಲ್ಲೇ ಹುಡುಕಿದೆವು. ಊಟದ ಹೊತ್ತಿನಲ್ಲಿ ಡಬ್ಬಿ ಬದಿಗಿಟ್ಟು ಇಬ್ಬರೂ ತಲೆ ಕೂಡಿಸಿ ಕೂರುತ್ತಿದ್ದೆವು. ವೈರಿನದ್ದು ಬೇಡ, ವೈರು ಮೇಜಿನ ಅಂಚಿಗೆ ಸಿಕ್ಕಿ ಎಳೆಯುತ್ತದೆ, ಪ್ರತಿ ಸಲ ಜಗ್ಗಬೇಕು, ಅದೂ ಮಣಿಕಟ್ಟಿಗೇ. ವೈರ್‌ಲೆಸ್ ಆದರೆ ಮೊಣಕೈಯ ಹತ್ತಿರಕ್ಕೆ ತಂದಿಟ್ಟುಕೊಳ್ಳಬಹುದು. ಕ್ಲಿಕ್ಕು ಗಟ್ಟಿ ಇರಬಾರದು. ಬಾಣದ ಗುರುತಿನ ವೇಗ ಹೆಚ್ಚು ಕಡಿಮೆ ಮಾಡಲು ಗುಂಡಿ ಇರಬೇಕು, ಕೈ ಕಮ್ಮಿ ಓಡಿದಷ್ಟು ಒಳ್ಳೆಯದು. ಮೊದಲು ಬಂದದ್ದು ನೆಟ್ಟಗೆ ನಿಲ್ಲುವ ಮೌಸೇ, ನೀರು ತುಂಬಿದ ಲೋಟ ಹಿಡಿದ ಹಾಗೆ ಹಿಡಿಯುವುದು. ಆದರೆ ಅದು ದೊಡ್ಡ ಗಂಡಾಳಿನ ಅಂಗೈಗೆ ಮಾಡಿದ್ದು. ಅಕ್ಕನದ್ದು ಸಣ್ಣ ಕೈ. ಗುಂಡಿ ಮುಟ್ಟಲು ಬೆರಳು ಚಾಚಿ ಚಾಚಿ, ನೋವು ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡಕ್ಕೆ ಹೋಯಿತು. ಅದನ್ನು ವಾಪಸು ಕಳಿಸಿ, ಪ್ರೆಸ್ಸಿನ ಸ್ಕೇಲಿನಲ್ಲಿ ಕೈ ಅಳೆದು, ಸಣ್ಣ ಅಳತೆಯದ್ದು ತರಿಸಿದೆವು. ಅದು ಕೈಗೆ ಹಿಡಿಸಿತು. ಚಪ್ಪಲಿಗೆ ಅಳತೆ ನೋಡುತ್ತೇವೆ, ಇಡೀ ದಿನ ಹಿಡಿಯುವ ಸಾಮಾನಿಗೆ ನೋಡುವುದಿಲ್ಲ ಎಂದು ಅಕ್ಕ ತಮ್ಮನ್ನೇ ಬೈದುಕೊಂಡರು.

ನೋವು ಇಳಿಯಿತು, ಜೋಮು ಮಾತ್ರ ಹೋಗಲಿಲ್ಲ. ಇನ್ನೊಮ್ಮೆ ಪುತ್ತೂರಿಗೆ ಹೋದಾಗ ಡಾಕ್ಟರರು ಬೆರಳುಗಳನ್ನು ಒತ್ತಿ ನೋಡಿ, ಕೆಲವು ತಿಂಗಳು ಬಲಗೈಗೆ ಪೂರ್ತಿ ರಜೆ ಕೊಡಬೇಕು ಎಂದರು. ಎಡಗೈಯಲ್ಲಿ ಮೌಸು ಕಲಿಯಿರಿ. ಇಲ್ಲದಿದ್ದರೆ ಆಪರೇಷನ್ ಬೇಕಾಗುತ್ತದೆ. ತಡವಾಗಿ ಮಾಡಿದರೆ ಜೋಮು ಹೋದೀತು, ಹೆಬ್ಬೆರಳಿನ ಬಲ ತಿರುಗಿ ಬರುವುದಿಲ್ಲ. ಅವರು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನಾನೂ ಕೇಳಿದ್ದೇನೆ, ಪ್ರೆಸ್ಸಿಗೆ ಬಂದು ಯಜಮಾನರಿಗೂ ಹೇಳಿದ್ದೇನೆ. ಗೊತ್ತಿರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ನೆಟ್ಟಗೆ ನಿಲ್ಲುವ ಮೌಸಿನಲ್ಲಿ ಬಲಗೈಯದ್ದನ್ನು ಎಡಗೈಗೆ ಬದಲಾಯಿಸಲು ಆಗುವುದಿಲ್ಲ, ಎಡಗೈಗೆಂದೇ ಮಾಡಿದ್ದು ಬೇರೆ ಇರುತ್ತದೆ, ಅದು ಸುಲಭಕ್ಕೆ ಸಿಗುವುದೂ ಇಲ್ಲ. ಹುಡುಕಿ ಹುಡುಕಿ ಒಂದು ತರಿಸಿದೆ. ಮೊದಮೊದಲು ಬಾಣದ ಗುರುತು ಒಂದು ಕಡೆ, ಅಕ್ಕನ ಮನಸ್ಸು ಒಂದು ಕಡೆ. ವರನ ಹೆಸರು ಹೋಗಿ ಊಟದ ಸಮಯದ ಕೆಳಗೆ ಕೂತಿತು. ಅವರು ಬೈಯುತ್ತ, ನಗುತ್ತ ಕಲಿತರು. ದೀಪಾವಳಿಯ ಹೊತ್ತಿಗೆ ಎಡಗೈ ಬಲಗೈಯಷ್ಟೇ ಚುರುಕಾಗಿತ್ತು. ಮದುವೆಯ ಸೀಸನ್ ಇನ್ನೂ ಶುರುವಾಗದ ದಿನಗಳು, ಕೆಂಪು ಕುರ್ಚಿ ಹೆಚ್ಚಾಗಿ ಖಾಲಿಯೇ ಇರುತ್ತಿತ್ತು. ಒಂದು ಬೆಳಿಗ್ಗೆ ಅಕ್ಕ ಚಹಾದ ಗ್ಲಾಸನ್ನು ಬಲಗೈಯಲ್ಲಿ ಹಿಡಿದು, ಮುಟ್ಟಿದ್ದೇ ತಡ ಕೆಳಗಿಟ್ಟು, ನನ್ನ ಕಡೆ ತಿರುಗಿದರು.

"ಬಿಸಿ ಉಂಟು," ಎಂದರು. "ಬಿಸಿ ಗೊತ್ತಾಗ್ತಾ ಉಂಟು ನನಗೆ."

ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ಬಂದದ್ದು ಒಂದು ಬ್ರಹ್ಮಕಲಶದ ಪತ್ರಿಕೆ. ಸಮಿತಿಯವರು ನಾಲ್ಕೈದು ಜನ ಮೆಟ್ಟಿಲು ಹತ್ತಿ ಬಂದರು, ಗೌರವಾಧ್ಯಕ್ಷರು ಕೆಂಪು ಕುರ್ಚಿಯಲ್ಲಿ ಕೂತರು. ಬಿಳಿ ಪಂಚೆ, ಹಣೆಗೆ ಗಂಧ, ಮೃದು ಮಾತು. ಒಳ್ಳೆಯವರು ಎಂದು ಊರಲ್ಲಿ ಹೆಸರಿದ್ದವರು. ಅಕ್ಕ ಪುಟ ತೆರೆದು, ಮೇಲ್ಗಡೆ ದೇವರ ಹೆಸರು ಹಾಕಿ, ಎಡಗೈಯಿಂದ ಅದನ್ನು ನಡುವಿಗೆ ಸರಿಸುತ್ತಿದ್ದರು. ಗೌರವಾಧ್ಯಕ್ಷರು ಸ್ಕ್ರೀನು ನೋಡುವುದು ಬಿಟ್ಟು ಕೈ ನೋಡತೊಡಗಿದರು. ಅಕ್ಕ, ನೀವು ಎಡಚರೇ ಎಂದು ಕೇಳಿದರು. ಅಲ್ಲ, ಬಲಗೈಗೆ ಪೆಟ್ಟಾಗಿದೆ, ನರ ಸೋತಿದೆ, ಡಾಕ್ಟರರು ಹೀಗೆ ಮಾಡಲು ಹೇಳಿದ್ದಾರೆ ಎಂದು ಅಕ್ಕ ವಿವರಿಸಿದರು.

"ಅಕ್ಕ, ನೀವು ಬೇಜಾರು ಮಾಡ್ಬಾರ್ದು," ಎಂದರು ಅವರು. "ದೇವರ ಹೆಸರು ಎಡಗೈಯಲ್ಲಿ ಬರೆಯುದು ಬೇಡ. ನಾಳೆ ಎಂತಾದ್ರೂ ಆದ್ರೆ ಪ್ರಶ್ನೆಯಲ್ಲಿ ಕಂಡು ಬರ್ತದೆ."

ಪ್ರಶ್ನೆ ಎಂದರೆ ಜ್ಯೋತಿಷಿಯನ್ನು ಕೂರಿಸಿ, ದೇವಸ್ಥಾನಕ್ಕೆ ಯಾವ ದೋಷ ತಗಲಿದೆ ಎಂದು ನೋಡಿಸುವುದು. ನಮ್ಮ ಕಡೆ ಅದಕ್ಕೆ ಹೆದರದ ಸಮಿತಿ ಇಲ್ಲ. ಮಳೆ ಬಂದು ಚಪ್ಪರ ಬಿದ್ದರೂ, ಅಡುಗೆಗೆ ಉಪ್ಪು ಹೆಚ್ಚಾದರೂ ಎಲ್ಲಿಯೋ ಒಂದು ಲೋಪ ಆಗಿದೆ ಎಂದು ಹುಡುಕುತ್ತಾರೆ. ಆ ಲೋಪ ಪ್ರೆಸ್ಸಿನ ಹೆಂಗಸಿನ ಎಡಗೈ ಆಗಿಬಿಟ್ಟರೆ ಎಂದು ಅವರ ಭಯ. ಹಾಗಾದರೆ ಈ ಪತ್ರಿಕೆ ನಾನು ಮಾಡುತ್ತೇನೆ, ಬಲಗೈಯಲ್ಲೇ ಮಾಡುತ್ತೇನೆ ಎಂದು ನಾನು ಎದ್ದು ಬಂದೆ. ಅದೂ ಆಗಲಿಲ್ಲ. ಯಾವ ಮನೆಯವರ ಹೆಸರು ಯಾರ ನಂತರ ಬರಬೇಕು ಎಂಬ ಊರ ಕ್ರಮ ಅಕ್ಕನಿಗೆ ಗೊತ್ತು, ಹೊಸ ಹುಡುಗಿಯ ಕೈಗೆ ಕೊಟ್ಟು ಎಡವಟ್ಟಾದರೆ ಜಗಳ ಎಂದರು. ಅವರಿಗೆ ಅಕ್ಕನೇ ಬೇಕು, ಅಕ್ಕನ ಬಲಗೈಯೇ ಬೇಕು. ನಿಧಾನ ಮಾಡಿ, ನಮಗೆ ಅರ್ಜೆಂಟಿಲ್ಲ ಎಂದು ಗೌರವಾಧ್ಯಕ್ಷರು ಕನಿಕರ ಬೇರೆ ತೋರಿಸಿದರು. ಒಂದೇ ಒಂದು ಕೆಟ್ಟ ಮಾತು ಆಡಿದ್ದರೆ ನಾನು ಜಗಳಕ್ಕಾದರೂ ನಿಲ್ಲುತ್ತಿದ್ದೆ. ಅಂಥ ಮಾತನ್ನು ಅವರು ಆಡಲೇ ಇಲ್ಲ.

ಅಕ್ಕ ಯಜಮಾನರ ಕಡೆ ನೋಡಿದರು. ಯಜಮಾನರು ಕ್ಯಾಲೆಂಡರಿನ ಕಡೆ ನೋಡಿದರು. ಅಕ್ಕ ಡ್ರಾಯರ್ ಎಳೆದು ಬಲಗೈಯ ಮೌಸು ತೆಗೆದರು.

ಸುದ್ದಿ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಆ ಪ್ರೆಸ್ಸಿನಲ್ಲಿ ಎಡಗೈಯಲ್ಲಿ ಕಾಗದ ಮಾಡುತ್ತಾರಂತೆ ಎಂದು ಪೇಟೆಯಲ್ಲಿ ಮಾತಾಯಿತು. ಒಬ್ಬ ಮದುಮಗಳ ತಾಯಿ ಮೆಟ್ಟಿಲ ಮೇಲೆಯೇ ನಿಂತು ಮೊದಲು ವಿಚಾರಿಸಿ, ಆಮೇಲೆ ಒಳಗೆ ಬಂದಳು. ಯಜಮಾನರು ಒಂದು ದಿನ ಕುರ್ಚಿ ಎಳೆದುಕೊಂಡು ಅಕ್ಕನ ಎದುರು ಕೂತರು. ತಾನು ಇದನ್ನೆಲ್ಲ ನಂಬುವವನಲ್ಲ, ನಂಬುವವರು ನಾಳೆ ಪಕ್ಕದ ಪ್ರೆಸ್ಸಿಗೆ ಹೋಗುತ್ತಾರೆ ಎಂದರು. ಮತ್ತೆ ಒಂದು ಕ್ರಮ ಮಾಡಿದರು. ಮದುವೆ, ಗೃಹಪ್ರವೇಶ, ದೇವಸ್ಥಾನ, ಇವೆಲ್ಲ ಬಲಗೈಯಲ್ಲಿ. ಸತ್ತವರ ಉತ್ತರಕ್ರಿಯೆಯ ಕಾಗದ ಬಂದರೆ ಎಡಗೈ ಆಗಬಹುದು, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಮೇಜನ್ನೇ ತಿರುಗಿಸಿಟ್ಟರೆ ಗಿರಾಕಿಗೆ ಕೈ ಕಾಣುವುದಿಲ್ಲವಲ್ಲ ಎಂದು ನಾನು ಹೇಳಿದೆ. ಸ್ಕ್ರೀನೂ ಕಾಣುವುದಿಲ್ಲ, ಸ್ಕ್ರೀನು ಕಾಣದೆ ಅವರು ಕೂರುವುದಿಲ್ಲ ಎಂದು ಅದನ್ನು ತಳ್ಳಿಹಾಕಿದರು.

ಡಾಕ್ಟರರ ಮಾತನ್ನು ಮುಂದಿಟ್ಟು, ಬಲಗೈಯಲ್ಲಿ ಮಾಡುವುದಿಲ್ಲ ಎಂದು ನೀವೇ ಖಡಾಖಂಡಿತ ಹೇಳಿಬಿಡಿ, ನಿಮ್ಮನ್ನು ಬಿಟ್ಟರೆ ಈ ಪ್ರೆಸ್ಸಿಗೆ ಗತಿಯಿಲ್ಲ ಎಂದು ಬಸ್‌ಸ್ಟ್ಯಾಂಡಿಗೆ ನಡೆಯುವಾಗ ನಾನು ಅಕ್ಕನಿಗೆ ಒತ್ತಾಯ ಮಾಡಿದೆ. ಮಗಳ ನರ್ಸಿಂಗ್ ಓದು ಆಗಷ್ಟೇ ಶುರುವಾಗಿತ್ತು, ಗಂಡ ಪಿಕಪ್ ಓಡಿಸುತ್ತಿದ್ದರು, ಅದು ಓಡಿದ ದಿನ ಓಡಿತು. ಆದರೆ ಅಕ್ಕ ಹೇಳಿದ ಕಾರಣ ಅದಲ್ಲ.

"ನಾನೇ ಯಾರಿಗಾದ್ರೂ ಎಡಗೈಯಲ್ಲಿ ಪ್ರಸಾದ ಕೊಡ್ತೇನಾ ಹೇಳು," ಎಂದರು. "ನನಗೂ ಒಳಗೆ ಹೆದರಿಕೆ ಉಂಟು ಮಾರಾಯ್ತಿ. ಯಾರದ್ದಾದ್ರೂ ಮದುವೆ ಮುರಿದ್ರೆ ನನ್ನ ಕೈ ನೋಡುದು ನಾನೇ."

ಬಸ್ಸು ಬಂತು, ಅವರು ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದರು.

ಆ ಕ್ರಮದ ಬಗ್ಗೆ ಅಕ್ಕ ಆಡುತ್ತಿದ್ದ ತಮಾಷೆಗಳನ್ನು ನೆನೆದರೆ ನನಗೆ ಈಗ ನಗು ಬರುವುದಿಲ್ಲ. ಬೆಳಿಗ್ಗೆ ಬಂದು ಪೇಪರು ಬಿಡಿಸಿ, ನಿಧನದ ಸುದ್ದಿಗಳ ಪುಟ ನೋಡಿ, ಇವತ್ತು ನನ್ನ ಕೈಗೆ ರಜೆ ಉಂಟಾ ನೋಡುವ ಎನ್ನುತ್ತಿದ್ದರು. ಯಾರಾದರೂ ತೀರಿಹೋದರೆ ಎಡಗೈಯ ಮೌಸು ಹೊರಗೆ ಬರುತ್ತಿತ್ತು, ಕಪ್ಪು ಅಂಚಿನ ಒಂದು ಸಣ್ಣ ಕಾಗದ, ಅರ್ಧ ಗಂಟೆಯ ಕೆಲಸ. ನಮ್ಮ ಸುತ್ತಿನಲ್ಲಿ ಸಾಯುವವರಿಗಿಂತ ಮದುವೆಯಾಗುವವರು ಜಾಸ್ತಿ. ಕುರ್ಚಿ ಖಾಲಿ ಇದ್ದಾಗಲೂ ಎಡಗೈಯಲ್ಲಿ ಮಾಡುತ್ತಿದ್ದರು, ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾದರೆ ಮೌಸು ಬದಲಿಸುತ್ತಿದ್ದರು. ಕಳ್ಳತನ ಮಾಡುವವರ ಹಾಗೆ ಅವರು ಆ ಮೌಸನ್ನು ಕೀಬೋರ್ಡಿನ ಹಿಂದೆ ಅಡಗಿಸುತ್ತಿದ್ದರು. ಸೀಸನ್ ಏರಿದ ಮೇಲೆ ಕುರ್ಚಿ ಖಾಲಿಯಾಗುವುದೂ ನಿಂತುಹೋಯಿತು. ಬ್ರಹ್ಮಕಲಶದ ಪುಸ್ತಕ ಒಂದೇ ಎಷ್ಟು ಸಲ ತಿದ್ದುಪಡಿಗೆ ಬಂತೋ ಲೆಕ್ಕ ಇಟ್ಟವರಿಲ್ಲ.

ಪತ್ರಿಕೆ ಚಂದ ಬಂದಿದೆ ಎಂದು ಎಲ್ಲರೂ ಹೊಗಳಿದರು. ಚಪ್ಪರ ಬೀಳಲಿಲ್ಲ, ಅಡುಗೆಗೆ ಉಪ್ಪು ಹೆಚ್ಚಾಗಲಿಲ್ಲ. ಅಕ್ಕನ ಬೆರಳುಗಳು ಮಾತ್ರ ಮೊದಲಿಗಿಂತ ಕೆಟ್ಟವು. ಸೀರೆಯ ಪಿನ್ನು ಹಾಕಲು ಮಗಳನ್ನು ಕರೆಯಬೇಕಾಯಿತು. ಅನ್ನ ಕಲಸಿದರೆ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಮಳೆ ಹಿಡಿದು ಮದುವೆಗಳು ಮುಗಿದ ಮೇಲೆ ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿದರು. ಡಾಕ್ಟರರು ಮೊದಲೇ ಹೇಳಿದ ಹಾಗೆಯೇ ಆಯಿತು. ಜೋಮು ಹೋಯಿತು, ಹೆಬ್ಬೆರಳಿನ ಬುಡದ ಮಾಂಸ ಬತ್ತಿ ಹೋಗಿತ್ತು, ಹಿಡಿತ ತಿರುಗಿ ಬರಲಿಲ್ಲ. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಎಂದರೆ ಅದು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು.

ಅವರು ಪ್ರೆಸ್ಸು ಬಿಟ್ಟ ದಿನ ಯಜಮಾನರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ನಿಮ್ಮ ಸ್ಥಾನ ತುಂಬುವವರು ಯಾರೂ ಇಲ್ಲ ಎಂದು ಹೇಳಿದರು. ಅದು ನಾಟಕವಲ್ಲ, ಅವರಿಗೆ ನಿಜವಾಗಿಯೂ ಬೇಸರವಿತ್ತು. ಆ ಬೇಸರದಿಂದ ಯಾರಿಗೆ ಏನು ಪ್ರಯೋಜನ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಬುಟ್ಟಿಯನ್ನು ಬಸ್ಸಿನವರೆಗೆ ನಾನು ಹೊತ್ತುಕೊಂಡು ಹೋದೆ.

ಈಗ ಅಕ್ಕನ ಜಾಗದಲ್ಲಿ ನಾನಿದ್ದೇನೆ. ಬೇರೆ ಕೆಲಸ ಹುಡುಕಲೇ ಇಲ್ಲ. ಕೆಂಪು ಕುರ್ಚಿಯ ಮೇಲೆ ಪೇಪರ್ ಕಟ್ಟು ಇಟ್ಟಿದ್ದೇವೆ, ಕೂರಲು ಯಾರೂ ಬರುವುದಿಲ್ಲ. ಹೆಸರುಗಳು ವಾಟ್ಸಾಪಿನಲ್ಲಿ ಬರುತ್ತವೆ, ತಿದ್ದುಪಡಿಯೂ ಅದರಲ್ಲೇ, ಒಪ್ಪಿಗೆಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ನಾನು ಮದುವೆ ಕಾಗದವನ್ನೂ ಬ್ರಹ್ಮಕಲಶದ ಪತ್ರಿಕೆಯನ್ನೂ ಮಧ್ಯಾಹ್ನದ ಮೇಲೆ ಎಡಗೈಯಲ್ಲೇ ಮಾಡುತ್ತೇನೆ. ಯಾರ ಮದುವೆಯೂ ಮುರಿದದ್ದು ನನಗೆ ಗೊತ್ತಿಲ್ಲ, ಯಾವ ಪ್ರಶ್ನೆಯಲ್ಲೂ ನನ್ನ ಕೈ ಕಂಡುಬಂದಿಲ್ಲ. ಯಜಮಾನರು ಅದನ್ನು ನೋಡಿಕೊಂಡೇ ಬಿಲ್ ಬರೆಯುತ್ತಾರೆ. ಈ ವಾಟ್ಸಾಪಿನ ಕ್ರಮ ಸ್ವಲ್ಪ ವರ್ಷ ಮೊದಲೇ ಬಂದಿದ್ದರೆ ಅಕ್ಕನ ಕೈ ಉಳಿಯುತ್ತಿತ್ತು ಎಂಬುದು ನನ್ನ ತಲೆಯಿಂದ ಹೋಗುವುದಿಲ್ಲ. ನನ್ನ ಎರಡೂ ಮಣಿಕಟ್ಟು ಸರಿಯಾಗಿವೆ. ಅದು ಅವರು ಕೊಟ್ಟದ್ದು, ಮತ್ತು ಅದನ್ನು ನಾನು ಅವರಿಗೆ ತಿರುಗಿ ಕೊಡುವ ದಾರಿಯಿಲ್ಲ.

ಕಳೆದ ಬೇಸಿಗೆಯಲ್ಲಿ ಅವರ ಮಗಳ ಮದುವೆಯಾಯಿತು. ಕಾಗದ ನಾನೇ ಮಾಡಿದೆ. ಹೆಸರುಗಳ ಸಾಲು ಬೇಡವೇ ಬೇಡ, ಹುಡುಗ ಹುಡುಗಿ, ಹೆತ್ತವರು, ದಿನ, ಜಾಗ, ಅಷ್ಟು ಸಾಕು ಎಂದು ಅಕ್ಕ ಫೋನಿನಲ್ಲಿ ಹೇಳಿದ್ದರು. ಅವರ ಗಂಡನ ಕಡೆಯವರಿಗೆ ಅದರಿಂದ ಅಸಮಾಧಾನವಾಗಿತ್ತಂತೆ.

ಸುಳ್ಯದ ಒಂದು ಸಭಾಭವನ. ಎದುರಿನ ಸಾಲಿನಲ್ಲಿ ಯಜಮಾನರಿದ್ದರು, ಅವರಿಂದ ಸ್ವಲ್ಪ ಆಚೆ ಆ ಗೌರವಾಧ್ಯಕ್ಷರೂ ಇದ್ದರು, ಅವರು ಎಲ್ಲರ ಮದುವೆಗೂ ಬರುವ ಜನ. ನಾನು ಹೆಂಗಸರ ನಡುವೆ, ಮಂಟಪದ ಹತ್ತಿರವೇ ನಿಂತಿದ್ದೆ. ಧಾರೆಯ ಹೊತ್ತು. ಹುಡುಗ ಹುಡುಗಿಯ ಕೈ ಸೇರಿಸಿ, ಅದರ ಕೆಳಗೆ ತಂದೆ ಕೈ ಕೊಟ್ಟು ನಿಂತಿದ್ದರು. ಗಿಂಡಿಯಿಂದ ಧಾರೆಯ ನೀರು ಎರೆಯಬೇಕಾದವರು ತಾಯಿ. ಹಿತ್ತಾಳೆಯ ಗಿಂಡಿ, ಅದರ ತುಂಬ ನೀರು, ಭಾರ. ಅಕ್ಕ ಬಲಗೈಯಲ್ಲಿ ಅದರ ಕೊರಳು ಹಿಡಿದರು. ಹೆಬ್ಬೆರಳು ಒತ್ತಲಿಲ್ಲ. ಗಿಂಡಿ ವಾಲಿತು. ಅವರ ಗಂಡನ ಅಕ್ಕ ಪಕ್ಕದಲ್ಲೇ ತಯಾರಾಗಿ ನಿಂತಿದ್ದವರು, ಕೂಡಲೇ ಕೈ ಚಾಚಿ, ಬಿಡು, ನಾನು ಎರೆಯುತ್ತೇನೆ ಎಂದರು. ಅದು ಮೊದಲೇ ಮನೆಯಲ್ಲಿ ಮಾತಾಗಿತ್ತೆಂದು ಆಮೇಲೆ ತಿಳಿಯಿತು.

ಅಕ್ಕ ಬಿಡಲಿಲ್ಲ. ಗಿಂಡಿಯನ್ನು ಎಡಗೈಗೆ ತೆಗೆದುಕೊಂಡರು. ಭಟ್ಟರು ಮಂತ್ರ ನಿಲ್ಲಿಸಿ, ಅಮ್ಮ, ಬಲಗೈ ಆಗಬೇಕು ಎಂದು ಮೆಲ್ಲಗೆ ಹೇಳಿದರು. ವಾದ್ಯದವರೂ ನಿಲ್ಲಿಸಿದರು. ಇಡೀ ಸಭಾಭವನ ಅವರ ಕೈಯನ್ನೇ ನೋಡುತ್ತಿತ್ತು.

"ಬಲಗೈ ಊರಿನವರ ಮದುವೆಗೆಲ್ಲ ಮುಗಿದು ಹೋಗಿದೆ ಭಟ್ರೆ," ಎಂದರು ಅಕ್ಕ. "ನನ್ನ ಮಗಳಿಗೆ ಅಂತ ಉಳಿದದ್ದು ಇದು."

ಧ್ವನಿ ಏರಿಸಲಿಲ್ಲ. ಎದುರಿನ ಸಾಲಿಗೆ ಅದು ಕೇಳಿಸಿತು ಎಂದು ನನಗೆ ಖಾತ್ರಿ ಇದೆ, ಯಾಕೆಂದರೆ ನಾನು ತಿರುಗಿ ನೋಡಿದಾಗ ಯಜಮಾನರು ತಮ್ಮ ಕಾಲಬುಡ ನೋಡುತ್ತಿದ್ದರು. ಭಟ್ಟರು ಮಂತ್ರ ಮುಂದುವರಿಸಿದರು. ಅಕ್ಕ ಮಗಳ ಕೈಯ ಮೇಲೆ ನೀರು ಎರೆದರು. ನನ್ನ ಹಿಂದೆ ನಿಂತಿದ್ದ ಒಬ್ಬ ಹೆಂಗಸು, ಧಾರೆಗೆ ಎಡಗೈಯಾ, ಇದೆಂತ ಅನಿಷ್ಟ ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. ಆ ಎಡಗೈಗೆ ಆಗ ಒಂದು ಮೌಸು ಹಿಡಿಯಲು ಬಿಟ್ಟಿದ್ದರೆ ಇವತ್ತು ಇದನ್ನು ಬಲಗೈಯೇ ಎರೆಯುತ್ತಿತ್ತು ಎಂದು ನಾನು ಅವಳಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.